ಜುಲೈ 5 ಹೋಗಿ ಮೇ 7 ಆಗ್ಯಾದ: ವೆಬ್ ಫಾರ್ಮಿನಾಗ ತಾರೀಖು ಎಲ್ಲಿ ಕೆಡ್ತದ ಅಂತ ಹುಡುಕೋದು ಹೆಂಗ

2024ರ ಮುಂಗಾರಿನಾಗ ಇಲ್ಲಿ ಕಲಬುರಗಿದಾಗ ಒಂದು ರೈತರ ಗುಂಪಿಗೆ ಫಾರ್ಮ್ ಮಾಡಿ ಕೊಟ್ಟಿದ್ದೆ. ಹೆಸರು, ಸರ್ವೆ ನಂಬರ್, ಎಷ್ಟ್ ಎಕರೆ, ತೊಗರಿ ಬಿತ್ತಿದ ತಾರೀಖು, ಫೋನ್ ನಂಬರ್, ಇಷ್ಟೇ. ಆದ್ರ ಆ ಬಿತ್ತಿದ ತಾರೀಖಿನ ಮ್ಯಾಲೇ ಮುಂದಿನ ಲೆಕ್ಕ ಎಲ್ಲಾ ನಿಂತಿತ್ತು, ಎಣ್ಣಿ ಹೊಡ್ಯೋದು ಯಾವಾಗ, ಕುಡಿ ಚಿವುಟೋದು ಯಾವಾಗ ಅಂತ ಅದೇ ತಾರೀಖಿಂದ ದಿನ ಎಣಿಸಿ ರೈತರ ಫೋನಿಗೆ ಮೆಸೇಜ್ ಹೋಗ್ತಿತ್ತು.

ಜುಲೈ ಮಧ್ಯದಾಗ ಆಳಂದ ಕಡಿಂದ ಒಬ್ರು ಕಾಕಾ ಆಫೀಸಿಗೇ ಬಂದ್ರು, ಫೋನ್ ಟೇಬಲ್ ಮ್ಯಾಲ ಇಟ್ರು. "ತಮ್ಮಾ, ಕುಡಿ ಚಿವುಟೋ ವ್ಯಾಳ್ಯಾ ಆಗ್ಯಾದ ಅಂತ ಮೆಸೇಜ್ ಬಂದಾದ, ನನ್ ತೊಗರಿ ಈಗರೆ ನೆಲ ಬಿಟ್ಟು ಮ್ಯಾಲ ಎದ್ದಾದ, ಕುಡಿ ಎಲ್ಲಿಂದ ಚಿವುಟ್ಲಿ?" ಅಂದ್ರು. ಅವರ ಸಾಲು ತೆಗೆದು ನೋಡಿದ್ರ ಬಿತ್ತಿದ ತಾರೀಖು 2024 ಮೇ 7 ಅಂತ ಅದ. ಓದಿ ಹೇಳ್ದೆ. "ಮೇ ಏಳಕ್ಕ ನಾ ಓಟ್ ಹಾಕ್ಲಾಕ ಲೈನಿನಾಗ ನಿಂತಿದ್ದೆ, ಆ ಬಿಸಿಲಾಗ ಯಾರ್ ಬಿತ್ತತಾರಪಾ, ನಾ ಬಿತ್ತಿದ್ದು ಜುಲೈ ಐದಕ್ಕ" ಅಂದ್ರು. ಖರೇ, ಮೇ 7 ನಮ್ ಕಡಿ ಲೋಕಸಭಾ ಮತದಾನ ಇತ್ತು. 5/7 ಅಂತ ಅವ್ರು ಬರ್ದಿದ್ದು ಎಲ್ಲೋ ಒಂದ್ ಕಡಿ ತಿರುಗಿ 7 ಮೇ ಆಗಿ ಕೂತಿತ್ತು, ಮತ್ತ ಯಾವ ಎರರೂ ಬಂದಿಲ್ಲ, ಸರ್ವರ್ ನಡೆದಿದ್ದೆಲ್ಲಾ ಬರ್ದಿಡೋ ಲಾಗಿನಾಗೂ ಏನೂ ಇಲ್ಲ.

ಇದನ್ನ ಬರೀಲಾಕ ಕಾರಣ ಇಷ್ಟೇ, ಈ ಥರದ ದೋಷ ಬಂದಾಗ ಬಾಳ ಮಂದಿ ನೇರ ಕೋಡಿಗೆ ಕೈ ಹಾಕಿ ಫಾರ್ಮ್ಯಾಟ್ ತಿರುಗಿಸಿ ಬಿಡ್ತಾರ, ಆಗ ಒಂದ್ ಕಡಿ ಸರಿ ಆಗಿ ಇನ್ನೊಂದ್ ಕಡಿ ಕೆಡ್ತದ. ತಾರೀಖು ಯಾವ ಜಾಗಾದಾಗ ಕೆಟ್ಟದ ಅಂತ ಮೊದಲು ಕಣ್ಣಾರೆ ನೋಡ್ರಿ, ಆಮ್ಯಾಲ ಕೈ ಹಾಕ್ರಿ.

ಮೊದಲು ಡೇಟಾಬೇಸಿನ ಟೇಬಲ್ ಹೇಳೋದು ಕೇಳ್ರಿ

ಕೋಡ್ ತೆರೆಯೋ ಮೊದಲು ಡೇಟಾಬೇಸಿನ ಆ ಕಾಲಮ್ ತಾರೀಖಿನ ಪ್ರಕಾರ ಸಾರ್ಟ್ ಮಾಡಿ ಮ್ಯಾಲಿಂದ ಕೆಳಗ ಒಂದ್ಸಲ ಓದ್ರಿ. ನಮ್ ಟೇಬಲ್‌ದಾಗ ಎರಡು ಥರದ ಗಲತ್ ಒಟ್ಟೊಟ್ಟಿಗೆ ಇದ್ದವು. ಒಂದು, ಜನವರಿ, ಫೆಬ್ರವರಿ, ಮಾರ್ಚ್, ಮೇ ಹಿಂಗ ತೊಗರಿ ಯಾರೂ ಬಿತ್ತದ ತಿಂಗಳುಗಳು, ಅವುಗಳೊಳಗ ದಿನದ ಜಾಗಾದಾಗ ಬರೇ 6, 7 ಇವೇ ಅಂಕಿ. ಎರಡನೇದು, 1970 ಜನವರಿ 1 ಅನ್ನೋದು ಸಾಲು ಸಾಲು.

ಈ ಎರಡೂ ಒಂದೇ ಟೇಬಲ್‌ದಾಗ ಕಂಡ್ರ ರೋಗ ಬಹುತೇಕ ಗೊತ್ತಾದಂಗೇ. ದಿನ/ತಿಂಗಳು ಅಂತ ಬಂದಿದ್ದನ್ನ ಯಾರೋ ತಿಂಗಳು/ದಿನ ಅಂತ ಓದ್ಲತಾರ. ದಿನ 12 ಅಥವಾ ಅದಕ್ಕಿಂತ ಕಡಿಮಿ ಇದ್ರ ಅದು ತಿಂಗಳಾಗಿ ಹೊಂದ್ಕೋತದ, ಸದ್ದಿಲ್ಲದೆ ಉಲ್ಟಾ ಆಗ್ತದ. 13 ಮತ್ತ ಮ್ಯಾಲಿಂದಿದ್ರ ಹದಿಮೂರನೇ ತಿಂಗಳು ಅಂತ ಇಲ್ಲಲ್ಲ, ಅದು ಫೇಲ್ ಆಗ್ತದ, ಫೇಲ್ ಆದದ್ದು ಸೊನ್ನಿ ಆಗಿ 1970ಕ್ಕ ಹೋಗಿ ಬೀಳ್ತದ, ಯಾಕಂದ್ರ ಕಂಪ್ಯೂಟರ್ ಟೈಮ್ ಎಣಿಸೋದು 1970 ಜನವರಿ 1ರಿಂದ.

ಲೆಕ್ಕ ಹಾಕಿ ನೋಡ್ರಿ, ಎಷ್ಟು ಅಪಾಯ ಅದ ಅಂತ ತಿಳೀತದ. ದಿನಾನೂ ತಿಂಗಳೂ ಎರಡೂ 12ರೊಳಗ ಇರೋ ತಾರೀಖು ವರ್ಷಕ್ಕ 144, ಅದ್ರಾಗ 1/1, 2/2, 7/7 ಇಂಥವು 12, ಇವು ತಿರುಗಿದ್ರೂ ಅವೇ. ಉಳ್ದ 132 ದಿವ್ಸ ಯಾರಿಗೂ ಗೊತ್ತಾಗದಂಗ ತಪ್ಪಾಗ್ತಾವ. ಬಾಕಿ 221 ದಿವ್ಸದ್ದು ಫೇಲ್ ಆಗ್ತದ, ಅದು ಒಂದ್ ಲೆಕ್ಕಕ್ಕ ಒಳ್ಳೇದೇ, ಕಣ್ಣಿಗಾದ್ರೂ ಬೀಳ್ತದ. ಅದಕ್ಕ ಟೆಸ್ಟ್ ಮಾಡೋರು ತಿಂಗಳ ಮೊದಲ ವಾರದಾಗ ಕೂತು ಇವತ್ತಿನ ತಾರೀಖು ಹಾಕಿ, ಎರರ್ ಬಂದಿಲ್ಲ, ಎಲ್ಲಾ ಬರೋಬ್ಬರಿ ಅದ ಅಂತ ಬಿಟ್ರ, ಒಳಗ ತಾರೀಖು ತಿರುಗ್ಯಾದ ಅಂತ ಅವ್ರಿಗೆ ಗೊತ್ತೇ ಆಗಲ್ಲ.

ಟೇಬಲ್‌ದಾಗ ಬ್ಯಾರೆ ಲಕ್ಷಣ ಕಂಡ್ರ ಕಾರಣಾನೂ ಬ್ಯಾರೆ. ಎಲ್ಲಾ ತಾರೀಖೂ ಒಂದೊಂದು ದಿನ ಹಿಂದ ಸರದಿದ್ರ ಅದು ಟೈಮ್ ಝೋನ್. 0000-00-00 ಕಂಡ್ರ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಸ್ಟ್ರಿಕ್ಟ್ ಮೋಡ್ ಬಂದ್ ಅದ, ತಪ್ಪು ತಾರೀಖನ್ನ ಎರರ್ ಕೊಡದೆ ನುಂಗ್ಲತದ. ಅದ್ರ 5.7ನೇ ವರ್ಷನ್ನಿಂದ ಸ್ಟ್ರಿಕ್ಟ್ ಮೋಡ್ ತಾನಾಗೇ ಚಾಲೂ ಇರ್ತದ, ಆದ್ರ ಹಳೇ ಕೋಡ್ ನಡೀಲಿ ಅಂತ ಯಾರೋ ಬಂದ್ ಮಾಡಿರ್ತಾರ. ಎಲ್ಲಾ ಜನವರಿನೇ ಆಗಿದ್ರ ಜಾವಾದಾಗ ಫಾರ್ಮ್ಯಾಟ್ ಬರಿಯೋಮುಂದ ತಿಂಗಳಿಗೆ ದೊಡ್ಡ ಎಂ ಹಾಕೋ ಜಾಗಾದಾಗ ಸಣ್ಣ ಎಂ ಹಾಕ್ಯಾರ, ಸಣ್ಣ ಎಂ ಅಂದ್ರ ನಿಮಿಷ, ತಿಂಗಳು ಸಿಗದೆ ಜನವರಿ ಆಗ್ತದ. ಅದೇ ಜಾವಾದಾಗ ವರ್ಷಕ್ಕ ದೊಡ್ಡ ವೈ ಹಾಕಿದ್ರ ಅದು ವಾರದ ಲೆಕ್ಕದ ವರ್ಷ, 2024 ಡಿಸೆಂಬರ್ 30 ಅನ್ನೋದು 2025 ಡಿಸೆಂಬರ್ 30 ಅಂತ ಅಚ್ಚಾಗ್ತದ, ವರ್ಷ ಬದಲಾಗೋ ಹೊತ್ತಿನ ಕೆಲವು ದಿನ ಅಷ್ಟೇ ಕಾಣೋ ರೋಗ ಇದು, ಅದಕ್ಕ ಬಾಳ ದಿನ ಅಡಗಿ ಕೂಡ್ತದ.

ಒಂದೇ ತಾರೀಖು ಹಿಡ್ಕೊಂಡು ಅದರ ಹಿಂದ ಹಿಂದ ಹೋಗ್ರಿ

ನಾನು ಹಿಡ್ದಿದ್ದು ಕಾಕಾರ ತಾರೀಖೇ, 5 ಜುಲೈ 2024. ಅದನ್ನ ಫಾರ್ಮಿನಾಗ ಹಾಕಿ, ಪ್ರತಿ ಜಾಗಾದಾಗ ಅದು ಯಾವ ರೂಪದಾಗ ಅದ ಅಂತ ಕಾಗದ ಮ್ಯಾಲ ಬರ್ಕೊಂಡೆ. ಸ್ಕ್ರೀನಿನಾಗ ಹೆಂಗ ಕಾಣ್ತದ, ಬ್ರೌಸರ್ ಬಿಟ್ಟು ಹೋಗೋಮುಂದ ಹೆಂಗ ಅದ, ಸರ್ವರ್ ಕೋಡಿಗೆ ಹೆಂಗ ಸಿಗ್ತದ, ಕೋಡ್ ಅದನ್ನ ಏನಂತ ತಿಳ್ಕೋತದ, ಡೇಟಾಬೇಸಿನಾಗ ಏನಾಗಿ ಕೂಡ್ತದ, ವಾಪಸ್ ಎಡಿಟ್ ಪೇಜಿಗೆ ಮತ್ತ ಎಕ್ಸೆಲ್ ಫೈಲಿಗೆ ಹೆಂಗ ಬರ್ತದ.

ಬ್ರೌಸರ್ ಬಿಟ್ಟು ಹೋಗೋದು ನೋಡ್ಲಾಕ ಕ್ರೋಮಿನಾಗ ಎಫ್ 12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಫಾರ್ಮ್ ಸಬ್ಮಿಟ್ ಮಾಡಿ, ಆ ರಿಕ್ವೆಸ್ಟ್ ಮ್ಯಾಲ ಒತ್ತಿ ಪೇಲೋಡ್, ಅಂದ್ರ ಕಳಿಸಿದ ಡೇಟಾ, ನೋಡ್ರಿ. ಅಲ್ಲಿ ಮೂರ್ ಥರ ಕಾಣಬಹುದು. 2024-07-05 ಅಂತ ಇದ್ರ ಬ್ರೌಸರ್ ತನ್ ಕೆಲ್ಸ ಬರೋಬ್ಬರಿ ಮಾಡ್ಯಾದ. 05/07/2024 ಅಂತ ಇದ್ರ ಅದು ಬರೇ ಅಕ್ಷರ, ಯಾವ್ದು ದಿನ ಯಾವ್ದು ತಿಂಗಳು ಅಂತ ಅದ್ರಾಗೇ ಇಲ್ಲ, ಓದೋರ ಮ್ಯಾಲ ಬಿಟ್ಟಿದ್ದು. 2024-07-04 ಅಂತ ಬಂದು ಮುಂದ 18:30 ಅಂತ ಟೈಮು, ಕೊನಿಗೆ ಜಡ್ ಅಕ್ಷರ ಇದ್ರ ಅದು ಟೈಮ್ ಝೋನ್ ರೋಗ, ಕೆಳಗ ಹೇಳ್ತೀನಿ.

ನಮ್ಮಲ್ಲಿ 05/07/2024 ಅಂತ ಇತ್ತು. ಫಾರ್ಮಿನಾಗ ಸಾದಾ ಟೆಕ್ಸ್ಟ್ ಫೀಲ್ಡಿಗೆ ಕ್ಯಾಲೆಂಡರ್ ಪ್ಲಗಿನ್ ಹಚ್ಚಿದ್ದೆ, ಅದು ನಮ್ ಮಂದಿಗೆ ತಿಳ್ಯೋ ಹಂಗ ದಿನ/ತಿಂಗಳು/ವರ್ಷ ಅಂತ ತುಂಬ್ತಿತ್ತು, ಸರ್ವರಿಗೂ ಅದನ್ನೇ ಕಳಸ್ತಿತ್ತು. ಸರ್ವರಿನಾಗ ಪಿಎಚ್‌ಪಿ ಭಾಷಾದ ಸ್ಟ್ರ್‌ಟುಟೈಮ್ ಫಂಕ್ಷನ್. ಅಕ್ಷರ ಓದಿ ತಾರೀಖು ಮಾಡೋದು ಅದರ ಕೆಲ್ಸ. ಕೆಟ್ಟಿದ್ದು ಇಲ್ಲೇ.

ಸ್ಟ್ರ್‌ಟುಟೈಮ್ ಒಂದ್ ನಿಯಮ ಇಟ್ಕೊಂಡದ, ನಡುವ ಗೆರಿ ಓರಿ ಇದ್ರ, ಅಂದ್ರ ಸ್ಲ್ಯಾಶ್ ಇದ್ರ, ಅಮೆರಿಕದ ಪದ್ಧತಿ, ತಿಂಗಳು ಮೊದಲು. ಹೈಫನ್ ಅಥವಾ ಚುಕ್ಕಿ ಇದ್ರ ದಿನ ಮೊದಲು. ಅಂದ್ರ 05/07/2024 ಮೇ 7, 05-07-2024 ಜುಲೈ 5. ಬರೇ ಒಂದ್ ಗೆರಿ ವ್ಯತ್ಯಾಸಕ್ಕ ಎರಡ್ ತಿಂಗಳು ಹಿಂದ. 13/07/2024 ಕೊಟ್ರ ಅದು ಫಾಲ್ಸ್, ಅಂದ್ರ ಓದ್ಲಾಕ ಆಗ್ಲಿಲ್ಲ, ಅಂತ ವಾಪಸ್ ಕೊಡ್ತದ, ಆ ಫಾಲ್ಸನ್ನ ಹಂಗೇ ಡೇಟ್ ಫಂಕ್ಷನ್ನಿಗೆ ಹಾಕಿದ್ರ ಸೊನ್ನಿ ಅಂತ ತಿಳ್ಕೊಂಡು 1970 ಜನವರಿ 1 ಮಾಡ್ತದ. ನಮ್ ಟೇಬಲ್‌ದಾಗಿನ ಎರಡೂ ಲಕ್ಷಣಕ್ಕ ಉತ್ತರ ಸಿಕ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಕೊಂಡೋರಿಗೂ ಇದೇ ಹೇಳ್ತೀನಿ, ಅದ್ರ ಡೇಟ್‌ಸ್ಟೈಲ್ ಸೆಟ್ಟಿಂಗ್ ಮೂಲದಾಗ ತಿಂಗಳು ಮೊದಲು ಅಂತಾನೇ ಇರ್ತದ, 05/07/2024 ಹಂಗೇ ಕೊಟ್ರ ಮೇ 7 ಅಂತ ಬರ್ಕೋತದ.

ಕೆಲವ್ರು ಸ್ಲ್ಯಾಶ್ ತೆಗೆದು ಹೈಫನ್ ಹಾಕಿ ಬಿಡ್ರಿ ಅಂತಾರ. ಮಾಡಬ್ಯಾಡ್ರಿ, ಅದು ಊಹೆಯ ಮ್ಯಾಲ ಇನ್ನೊಂದ್ ಊಹೆ ಕಟ್ಟಿದಂಗ. ಯಾವ ಫಾರ್ಮ್ಯಾಟ್ ಬರ್ತದ ಅಂತ ನಿಮಗ ಗೊತ್ತಿದ್ರ ಅದನ್ನೇ ಬಾಯ್ಬಿಟ್ಟು ಹೇಳಿ ಓದಿಸ್ರಿ, ಪಿಎಚ್‌ಪಿದಾಗ ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್ ಅದ, ಪೈಥಾನಿನಾಗ ಸ್ಟ್ರ್‌ಪಿಟೈಮ್ ಅದ, ಮೈಎಸ್‌ಕ್ಯೂಎಲ್‌ದಾಗ ಸ್ಟ್ರ್ ಟು ಡೇಟ್ ಅದ. ಪಿಎಚ್‌ಪಿದಾಗ ಒಂದ್ ಎಚ್ಚರಿಕಿ ಅದ, 31/02/2024 ಕೊಟ್ರ ಅದು ಬ್ಯಾಡ ಅನ್ನಲ್ಲ, ಉಕ್ಕಿ ಹರ್ದು ಮಾರ್ಚ್ 2 ಆಗ್ತದ. ಮೊದಲು ಮೂರ್ ಅಂಕಿ ಬ್ಯಾರೆ ಬ್ಯಾರೆ ಮಾಡಿ ಚೆಕ್‌ಡೇಟ್ ಫಂಕ್ಷನ್ನಿಗೆ ಹಾಕಿ ನೋಡ್ರಿ, ಆದ್ರ ಆ ಚೆಕ್‌ಡೇಟೂ ತಿಂಗಳು ಮೊದಲು, ದಿನ ಆಮ್ಯಾಲ, ವರ್ಷ ಕೊನಿಗೆ ಕೇಳ್ತದ, ಅಲ್ಲೇ ಉಲ್ಟಾ ಕೊಟ್ರ ಮತ್ತ ಅದೇ ಗುಂಡಿಗೆ ಬಿದ್ದಂಗ.

ಡೇಟ್ ಫೀಲ್ಡ್ ಹಾಕಿದ್ರೂ ಪೂರಾ ಮುಗೀಲಿಲ್ಲ

ಪ್ಲಗಿನ್ ತೆಗೆದು ಎಚ್‌ಟಿಎಂಎಲ್‌ದ ಸ್ವಂತ ಡೇಟ್ ಇನ್‌ಪುಟ್ ಹಾಕ್ದೆ. ಇದು ಬಾಳ ಚಲೋ, ಸ್ಕ್ರೀನಿನಾಗ ಹೆಂಗಾರೆ ಕಾಣ್ಲಿ, ಸರ್ವರಿಗೆ ಹೋಗೋದು ಯಾವಾಗ್ಲೂ ವರ್ಷ-ತಿಂಗಳು-ದಿನ, 2024-07-05. ಎಂಟ್ ದಿನ ಎಲ್ಲಾ ಸರಿ ಇತ್ತು. ಆಮ್ಯಾಲ ಮತ್ತ ಒಂದು ಉಲ್ಟಾ ತಾರೀಖು ಬಂತು, ಪೇಲೋಡಿನಾಗೇ ಉಲ್ಟಾ, ಸರ್ವರ್ ತಪ್ಪಿಲ್ಲ.

ಅದು ಬಂದಿದ್ದು ಒಬ್ಬ ಹುಡುಗನ ಲ್ಯಾಪ್‌ಟಾಪಿಂದ, ಅಂವ ಊರಿನ ರೈತರದೆಲ್ಲಾ ತಾನೇ ತುಂಬ್ತಿದ್ದ. ಹೋಗಿ ಅವನ ಸ್ಕ್ರೀನ್ ನೋಡಿದ್ರ ಡೇಟ್ ಫೀಲ್ಡಿನಾಗ ಖಾಲಿ ಇದ್ದಾಗ ಎಂಎಂ ಮೊದಲು, ಡಿಡಿ ಆಮ್ಯಾಲ ಅಂತ ಬೂದು ಬಣ್ಣದಾಗ ಕಾಣ್ಲತದ. ಕ್ರೋಮ್ ಭಾಷಾ ಇಂಗ್ಲಿಷ್ ಅಮೆರಿಕ ಅಂತ ಇತ್ತು, ಹೊಸಾ ಲ್ಯಾಪ್‌ಟಾಪ್ ಹಂಗೇ ಬಂದಿತ್ತು, ಯಾರೂ ಬದಲಿ ಮಾಡಿಲ್ಲ. ಅಂವ ರೂಢಿ ಪ್ರಕಾರ ಕೀಬೋರ್ಡಿಂದ ಸೊನ್ನಿ ಐದು ಸೊನ್ನಿ ಏಳು ಒತ್ತತಾನ, ಫೀಲ್ಡ್ ಅದನ್ನ ಮೇ 7 ಅಂತ ತಗೋತದ, ಕಳಸ್ತದ 2024-05-07. ಸರ್ವರಿಗೆ ಇದು ಪೂರಾ ಸರಿಯಾದ ತಾರೀಖು, ಹಿಡೀಲಾಕ ದಾರಿನೇ ಇಲ್ಲ. ಪೇಜಿಗೆ ಭಾಷಾ ಕನ್ನಡ ಅಂತ ನೀವು ಬರದ್ರೂ ಕ್ರೋಮ್ ಡೇಟ್ ಫೀಲ್ಡಿಗೆ ಅದನ್ನ ನೋಡಲ್ಲ, ಬ್ರೌಸರಿಂದ ಭಾಷಾನೇ ನೋಡ್ತದ. ಅಂವಗ ನಾ ಏನೂ ಅನ್ಲಿಲ್ಲ, ಅವನ ತಪ್ಪೇ ಅಲ್ಲ ಅದು.

ಇದಕ್ಕ ನಾ ಮಾಡಿದ್ದು ಎರಡು. ಫೀಲ್ಡಿನ ಕೆಳಗೇ, ತಾರೀಖು ಹಾಕಿದ ಕೂಡ್ಲೇ, ಅದನ್ನ ಅಕ್ಷರದಾಗ ತೋರಸ್ತೀನಿ: "5 ಜುಲೈ 2024, ಶುಕ್ರವಾರ". ಗಲತ್ ಆಗಿದ್ರ "7 ಮೇ 2024, ಮಂಗಳವಾರ" ಅಂತ ಕಾಣ್ತದ, ಓದಿದ ಕೂಡ್ಲೇ ತಿಳೀತದ. ತಿಂಗಳ ಹೆಸರು ಬರದ್ರ ಅದನ್ನ ಯಾರೂ ಉಲ್ಟಾ ಓದ್ಲಾಕ ಆಗಲ್ಲ, ವಾರ ಬರದ್ರ ರೈತರು ಥಟ್ಟನೆ ಹಿಡೀತಾರ. ಎರಡನೇದು, ಆ ಫೀಲ್ಡಿಗೆ ಕಡಿಮಿ ಅಂದ್ರ ಇಷ್ಟು, ಜಾಸ್ತಿ ಅಂದ್ರ ಇಷ್ಟು ಅಂತ ಮಿನ್ ಮ್ಯಾಕ್ಸ್ ಹಾಕ್ದೆ, ಜೂನ್ 1ರಿಂದ ಇವತ್ತಿನ ತನಕ. ಹೆಚ್ಚಿನ ಉಲ್ಟಾ ತಾರೀಖು ಅಲ್ಲೇ ನಿಂತು ಬಿಡ್ತಾವ. ಇದೇ ಚೆಕ್ ಸರ್ವರಿನಾಗೂ ಇರ್ಬೇಕು, ಬ್ರೌಸರ್ ನಂಬಿ ಕೂಡಬ್ಯಾಡ್ರಿ.

ಜನ್ಮ ತಾರೀಖಿಗೆ ಮಾತ್ರ ನಾ ಕ್ಯಾಲೆಂಡರ್ ಹಾಕಲ್ಲ. ಎಪ್ಪತ್ತು ದಾಟಿದ ಅಜ್ಜಗ 1950ರ ತನಕ ಹಿಂದ ಹೋಗು ಅಂದ್ರ ಹೆಂಗ? ಮೂರ್ ಫೀಲ್ಡ್ ಕೊಡ್ರಿ, ದಿನಕ್ಕ ಅಂಕಿ, ತಿಂಗಳಿಗೆ ಹೆಸರಿನ ಪಟ್ಟಿ, ವರ್ಷಕ್ಕ ನಾಲ್ಕ್ ಅಂಕಿ. ಹಳ್ಳಿಗೆ ಹೋಗಿ ಮಂದಿ ಜೊತಿ ಕೂತು ತುಂಬಿಸಿ ನೋಡ್ಯೀನಿ, ಇದರಾಗ ತಪ್ಪು ಬಾಳ ಕಡಿಮಿ.

ಒಂದ್ ದಿನ ಹಿಂದ ಸರದ್ರ, 18:30 ಹುಡುಕ್ರಿ

ಜಾವಾಸ್ಕ್ರಿಪ್ಟ್ ಕ್ಯಾಲೆಂಡರ್ ಬಾಳಷ್ಟು ಡೇಟ್ ಆಬ್ಜೆಕ್ಟ್, ಅಂದ್ರ ತಾರೀಖು ಟೈಮು ಎರಡೂ ಕೂಡಿದ್ದು, ಕೊಡ್ತಾವ. ಜುಲೈ 5 ಒತ್ತಿದ್ರ ಅದರ ಒಳಗ ಜುಲೈ 5ರ ನಡುರಾತ್ರಿ 12 ಗಂಟಿ, ನಮ್ ಟೈಮಿನಾಗ. ಅದನ್ನ ಜೇಸನ್ (ಡೇಟಾ ಕಳ್ಸೋ ಅಕ್ಷರ ರೂಪ) ಮಾಡಿ ಕಳ್ಸೋಮುಂದ ಯುಟಿಸಿಗೆ, ಅಂದ್ರ ಜಗತ್ತಿಗೆಲ್ಲಾ ಒಂದೇ ಅಂತ ಇಟ್ಟ ಟೈಮಿಗೆ, ತಿರುಗ್ತದ. ನಮ್ ಟೈಮು ಯುಟಿಸಿಗಿಂತ ಐದೂವರಿ ತಾಸು ಮುಂದ, ಅಂದ್ರ ನಮ್ ನಡುರಾತ್ರಿ ಅಲ್ಲಿ ಹಿಂದಿನ ದಿನದ ಸಂಜಿ 6:30. ಸರ್ವರಿನಾಗ ಯಾರೋ ಮೊದಲಿನ ಹತ್ತು ಅಕ್ಷರ ಕತ್ತರಿಸಿ ತಾರೀಖು ಅಂತ ಇಟ್ರ 2024-07-04 ಆಯ್ತು. ಪೇಲೋಡಿನಾಗ 18:30 ಅನ್ನೋದು ಕಂಡ್ರ ಇನ್ನೇನೂ ಹುಡುಕಬ್ಯಾಡ್ರಿ, ಅದು ಭಾರತದಾಗ ಕೂತು ತುಂಬಿದ ಫಾರ್ಮಿನ ಬೆರಳಚ್ಚು.

ಮದ್ದು ಏನಂದ್ರ, ತಾರೀಖನ್ನ ತಾರೀಖಾಗೇ ಕಳಸ್ರಿ, ಟೈಮ್ ಹಚ್ಚಬ್ಯಾಡ್ರಿ. ಬಿತ್ತಿದ ದಿನಕ್ಕ ಗಂಟಿ ಯಾಕ ಬೇಕು, ಹುಟ್ಟಿದ ದಿನಕ್ಕ ಟೈಮ್ ಝೋನ್ ಯಾಕ ಬೇಕು. ಆಬ್ಜೆಕ್ಟಿಂದ ವರ್ಷ, ತಿಂಗಳು, ದಿನ ಬ್ಯಾರೆ ಬ್ಯಾರೆ ತೆಗೆದು ನೀವೇ ಜೋಡಿಸ್ರಿ, ತಿಂಗಳು ಸೊನ್ನಿಯಿಂದ ಎಣಿಸ್ತದ ಅನ್ನೋದು ನೆಪ್ಪಿಟ್ಟು ಒಂದ್ ಕೂಡಿಸ್ರಿ.

ಇದರ ಉಲ್ಟಾ ರೋಗಾನೂ ಅದ, ಅದು ಇಲ್ಲಿ ಕೂತವ್ರಿಗೆ ಕಾಣೋದೇ ಇಲ್ಲ. 2024-07-05 ಅನ್ನೋದನ್ನ ಹಂಗೇ ಡೇಟ್ ಆಬ್ಜೆಕ್ಟಿಗೆ ಕೊಟ್ರ ಜಾವಾಸ್ಕ್ರಿಪ್ಟ್ ಅದನ್ನ ಯುಟಿಸಿ ನಡುರಾತ್ರಿ ಅಂತ ತಿಳ್ಕೋತದ. ನಮ್ಮಲ್ಲಿ ಅದು ಅದೇ ದಿನ ಬೆಳಿಗ್ಗಿ 5:30, ತಾರೀಖು ಸರಿನೇ ಕಾಣ್ತದ. ದುಬೈ, ಸೌದಿದಾಗ ಇರೋ ನಮ್ ಬೀದರ್, ಕಲಬುರಗಿ ಮಂದಿಗೂ ಸರಿ, ಅವ್ರೂ ಯುಟಿಸಿಗಿಂತ ಮುಂದೇ ಇರ್ತಾರ. ಆದ್ರ ಅಮೆರಿಕದಾಗ ಇರೋ ಮಗ ಅಪ್ಪನ ಫಾರ್ಮ್ ತೆಗೆದು ನೋಡಿದ್ರ ಜುಲೈ 4 ಕಾಣ್ತದ. ಯಾರೋ ದೂರದಿಂದ "ನಮಗ ಒಂದ್ ದಿನ ಕಡಿಮಿ ಕಾಣ್ಲತದ" ಅಂದ್ರ ಅವ್ರನ್ನ ನಂಬ್ರಿ, ನಿಮ್ ಸ್ಕ್ರೀನಿನಾಗ ಸರಿ ಅದ ಅಂತ ವಾಪಸ್ ಕಳಿಸಬ್ಯಾಡ್ರಿ. ಕಂಪ್ಯೂಟರಿನ ಟೈಮ್ ಝೋನ್ ನ್ಯೂಯಾರ್ಕ್ ಮಾಡಿ ಒಂದ್ಸಲ ತೆಗೆದು ನೋಡ್ರಿ, ತಿಳೀತದ.

ಇನ್ನೊಂದು ನಮ್ ರೈತರಿಗೇ ತಟ್ಟಿದ್ದು. ಸರ್ವರ್ ಯುಟಿಸಿದಾಗ ಇದ್ರ, ಅದಕ್ಕ ಇವತ್ತು ಅನ್ನೋದು ನಮ್ ಬೆಳಿಗ್ಗಿ 5:30ಕ್ಕ ಶುರು ಆಗ್ತದ. ಮುಂದಿನ ತಾರೀಖು ನಡ್ಯಲ್ಲ ಅಂತ ಚೆಕ್ ಹಾಕಿದ್ದೆವಲ್ಲ, ಮಿನ್ ಮ್ಯಾಕ್ಸ್, ನಸಿಕಿನಾಗ ಐದು ಗಂಟಿಗೆ ಹೊಲಕ್ಕ ಹೋಗೋ ಮೊದಲು ಫಾರ್ಮ್ ತುಂಬಿದವ್ರಿಗೆ ಇವತ್ತಿನ ತಾರೀಖು ಹಾಕಿದ್ರ ಎರರ್ ಬರ್ತಿತ್ತು, ಆಫೀಸಿಗೆ ಹತ್ತಕ್ಕ ಬಂದು ನಾವು ನೋಡಿದ್ರ ಎಲ್ಲಾ ಸರಿ. ಎರರ್ ಬಂದ ಟೈಮುಗಳನ್ನ ಲಾಗಿಂದ ತೆಗೆದು ನೋಡಿದಾಗ ಎಲ್ಲಾ 5:30ರ ಒಳಗ ಇದ್ದವು. ಸರ್ವರ್ ಯುಟಿಸಿದಾಗೇ ಇರ್ಲಿ, ಇವತ್ತು ಯಾವ್ದು ಅಂತ ಕೇಳೋಮುಂದ ಏಷ್ಯಾ/ಕೋಲ್ಕತಾ ಅಂತ ಹೇಳಿ ಕೇಳ್ರಿ.

೦೫/೦೭/೨೦೨೪ ಅಂತ ಬಂದ್ರ

ಕನ್ನಡ ಫಾರ್ಮ್ ಕೊಟ್ಟ ಮ್ಯಾಲ ಕನ್ನಡ ಅಂಕಿ ಬರೋದೇ, ಬರ್ಲಿ ಅಂತಾನೇ ನಂದು. ಆದ್ರ ಜಾವಾಸ್ಕ್ರಿಪ್ಟ್ ರೆಜೆಕ್ಸ್‌ದಾಗ (ಅಕ್ಷರದ ನಮೂನಿ ಹುಡುಕೋ ಸಾಧನ) ಅಂಕಿ ಅಂದ್ರ ಬರೇ 0ದಿಂದ 9, ೫ ಅದಕ್ಕ ಅಂಕಿನೇ ಅಲ್ಲ, ನಂಬರ್ ಮಾಡ್ಲಾಕ ಹೋದ್ರ ನ್ಯಾನ್, ಅಂದ್ರ ಇದು ನಂಬರೇ ಅಲ್ಲ, ಅಂತ ಕೊಡ್ತದ. ಪೈಥಾನ್ ಹಂಗಲ್ಲ, ಅದ್ರ ಇಂಟ್ ಫಂಕ್ಷನ್ ೧೨ ಕೊಟ್ರ 12 ಅಂತ ಓದ್ತದ. ಅದಕ್ಕ ಒಂದೇ ಫಾರ್ಮು ಮುಂದ ಬ್ರೌಸರಿನಾಗ ಬ್ಯಾಡ ಅಂತದ, ಹಿಂದ ಸರ್ವರ್ ಹ್ಞೂಂ ಅಂತದ, ಎರಡರ ನಡುವ ಮಂದಿ ಸಿಕ್ಕಿ ಬೀಳ್ತಾರ.

ಓದೋ ಮೊದಲು ಅಂಕಿ ತಿರುಗಿಸ್ರಿ. ಯುನಿಕೋಡಿನಾಗ (ಎಲ್ಲಾ ಭಾಷಾದ ಅಕ್ಷರಕ್ಕ ನಂಬರ್ ಕೊಟ್ಟ ಪಟ್ಟಿ) ಕನ್ನಡ ಸೊನ್ನಿ 0ಸಿಇ6ಕ್ಕ ಶುರು ಆಗಿ ಒಂಬತ್ತು 0ಸಿಇಎಫ್‌ಕ್ಕ ಮುಗೀತದ, ಸಾಲಾಗಿ ಹತ್ತು. ಆ ಅಕ್ಷರದ ನಂಬರಿಂದ ಸೊನ್ನಿಯ ನಂಬರ್ ಕಳದ್ರ ಅಂಕಿ ಸಿಗ್ತದ. ಬೀದರ್ ಕಡಿ ಮರಾಠಿ, ಉರ್ದು ಫೋನೂ ಇರ್ತಾವ, ಅದಕ್ಕ ದೇವನಾಗರಿದ್ದು 0966ರಿಂದ 096ಎಫ್, ಉರ್ದುದ್ದು 06ಎಫ್0ರಿಂದ 06ಎಫ್9, ಇವನ್ನೂ ಅದೇ ಫಂಕ್ಷನ್ನಿನಾಗ ಹಾಕ್ರಿ, ನಾಲ್ಕ್ ಸಾಲಿನ ಕೆಲ್ಸ.

ಇಲ್ಲಿ ಒಂದ್ ಸೂಕ್ಷ್ಮ ಅದ, ಇದನ್ನ ಹಿಡೀಲಾಕ ನನಗ ಪೂರಾ ಒಂದ್ ಮಧ್ಯಾಹ್ನ ಹಿಡೀತು. ಕನ್ನಡ ಸೊನ್ನಿ ಮತ್ತ ಅನುಸ್ವಾರ ಕಣ್ಣಿಗೆ ಒಂದೇ ಥರ, ಯುನಿಕೋಡಿನಾಗ ಬ್ಯಾರೆ, ಅನುಸ್ವಾರ 0ಸಿ82. ಕೀಬೋರ್ಡಿನಾಗ ಸೊನ್ನಿ ಸಿಗದೆ ಒಬ್ರು ಅಕ್ಕಾ ಅನುಸ್ವಾರ ಒತ್ತಿ ೨ಂ೨೪ ಅಂತ ಬರ್ದಿದ್ರು. ಸ್ಕ್ರೀನಿನಾಗ ನೋಡಿದ್ರ ಎಲ್ಲಾ ಸರಿ, ಓದಿದ್ರ ಸರಿ, ಫಾರ್ಮ್ ಮಾತ್ರ ತಗೋವಲ್ದು. ಅಕ್ಷರ ಒಂದೊಂದೇ ಬಿಡಿಸಿ ಅದರ ಕೋಡ್ ನಂಬರ್ ಅಚ್ಚು ಹಾಕಿದ ಮ್ಯಾಲ ಕಂಡಿತು. ತಾರೀಖಿನ ಫೀಲ್ಡಿನಾಗ ಅಷ್ಟೇ, ಬ್ಯಾರೆ ಎಲ್ಲೂ ಅಲ್ಲ, ಅನುಸ್ವಾರಾನೂ ಇಂಗ್ಲಿಷ್ ಓ ಅಕ್ಷರಾನೂ ಸೊನ್ನಿ ಅಂತ ತಗೋರಿ.

ತೋರ್ಸೋಮುಂದ ಕನ್ನಡ ಲೊಕೇಲ್ (ಭಾಷಾ, ಪ್ರದೇಶದ ಸೆಟ್ಟಿಂಗ್) ಕೊಟ್ರ ಬ್ರೌಸರ್ 1 2 3 ಅಂತಾನೇ ತೋರಸ್ತದ, ೧ ೨ ೩ ಬೇಕಂದ್ರ ಬ್ಯಾರೆ ಹೇಳ್ಬೇಕು. ತೋರ್ಸಿದ್ದನ್ನ ಮತ್ತ ತಾರೀಖು ಅಂತ ಎಂದೂ ವಾಪಸ್ ಓದಬ್ಯಾಡ್ರಿ, ಅದು ಮಂದಿಗೆ ಬರ್ದಿದ್ದು, ಮಷೀನಿಗಲ್ಲ.

ವಾಪಸ್ ಬರೋ ದಾರಿದಾಗ

ಎಡಿಟ್ ಪೇಜ್ ತೆರೆದ್ರ ತಾರೀಖಿನ ಫೀಲ್ಡ್ ಖಾಲಿ ಕಾಣ್ತದ, ಡೇಟಾಬೇಸಿನಾಗ ಇದ್ರೂ. ಡೇಟ್ ಇನ್‌ಪುಟ್ಟಿಗೆ ವ್ಯಾಲ್ಯೂ 2024-07-05 ಅಂತಾನೇ ಕೊಡ್ಬೇಕು, 05/07/2024 ಅಂತ ಕೊಟ್ರ ಅದು ಬಿಸಾಕಿ ಖಾಲಿ ತೋರಸ್ತದ, ಕನ್ಸೋಲಿನಾಗ ಒಂದ್ ವಾರ್ನಿಂಗ್ ಅಷ್ಟೇ. ಜಾಂಗೋ (ಪೈಥಾನಿನಾಗ ವೆಬ್‌ಸೈಟ್ ಕಟ್ಟೋ ಸಾಧನ) ಬಳಸೋರಿಗೆ ಇದು ಬಾಳ ಸಲ ಬರ್ತದ, ಯಾಕಂದ್ರ ಅದು ಲೊಕೇಲ್ ಪ್ರಕಾರ ತಾರೀಖು ಬರ್ದು ಕೊಡ್ತದ, ಡೇಟ್‌ಇನ್‌ಪುಟ್ ವಿಜೆಟ್ಟಿಗೆ ಫಾರ್ಮ್ಯಾಟ್ ನೀವೇ ಹೇಳ್ಬೇಕು. ಬರೇ ಖಾಲಿ ಕಂಡ್ರ ಪರವಾಗಿಲ್ಲ, ಫೋನ್ ನಂಬರ್ ಬದಲಿ ಮಾಡ್ಲಾಕ ಎಡಿಟ್ ತೆರೆದವ್ರು ಸೇವ್ ಒತ್ತಿದ್ರ ಆ ಖಾಲಿನೇ ಹೋಗಿ ತಾರೀಖು ಅಳಿಸಿ ಹಾಕ್ತದ.

ಎಕ್ಸೆಲ್. ಸಿಎಸ್‌ವಿ (ಕಾಮಾ ಹಾಕಿ ಬಿಡಿಸಿದ ಟೇಬಲ್ ಫೈಲ್) ಇಳಿಸ್ಕೊಂಡು, ತೆರೆದು, ಒಂದ್ ಹೆಸರು ತಿದ್ದಿ, ಸೇವ್ ಮಾಡಿ, ವಾಪಸ್ ಏರಸ್ತಾರ. ಆ ಕಂಪ್ಯೂಟರಿನ ರೀಜನ್ ಅಮೆರಿಕ ಇದ್ರ 05/07/2024 ಮೇ 7 ಆಗ್ತದ, 13/07/2024 ಅಕ್ಷರಾಗೇ ಉಳೀತದ. ಕಾಲಮ್ ಅಗಲ ಮಾಡಿ ನೋಡ್ರಿ, ತಾರೀಖಾಗಿ ತಿರುಗಿದ್ದು ಬಲಕ್ಕ ಸರದಿರ್ತದ, ಅಕ್ಷರಾಗಿ ಉಳ್ದಿದ್ದು ಎಡಕ್ಕ ಅಂಟಿರ್ತದ. ಒಂದೇ ಕಾಲಮಿನಾಗ ಎಡಕ್ಕೂ ಬಲಕ್ಕೂ ಇದ್ರ ಆ ಫೈಲ್ ಏರಿಸಬ್ಯಾಡ್ರಿ. ಸಿಎಸ್‌ವಿದಾಗ 2024-07-05 ಅಂತ ಬರ್ದು ಕೊಟ್ರ ಎಕ್ಸೆಲ್ ಸರಿ ಓದ್ತದ, ಆದ್ರ ಸೇವ್ ಮಾಡೋಮುಂದ ತನ್ ರೂಪದಾಗೇ ಬರೀತದ, ಏರ್ಸೋಮುಂದ ಮತ್ತ ತಪಾಸ್ ಮಾಡ್ರಿ.

ಎರಡಂಕಿ ವರ್ಷ ತಗೋಳೇ ಬ್ಯಾಡ್ರಿ. 58 ಅಂತ ಬರ್ದ ಅಜ್ಜ ಹುಟ್ಟಿದ್ದು 1958ಕ್ಕ, ಪೈಥಾನ್ 68ರ ತನಕ, ಪಿಎಚ್‌ಪಿ 69ರ ತನಕ 2000ಕ್ಕ ಕೂಡಸ್ತಾವ, ಅಜ್ಜ 2058ಕ್ಕ ಹುಟ್ಟಿದಂಗ ಆಗ್ತದ. ಇನ್ನ ನಮ್ ಕಡಿದೇ ಒಂದು, ನಿಜಾಮನ ಕಾಲದ ಹೊಲದ ಕಾಗದ ನೋಡ್ಕೊಂಡು ಒಬ್ರು ವರ್ಷ 1357 ಅಂತ ಹಾಕಿದ್ರು. ಅದು ಫಸಲಿ ವರ್ಷ, ಆಗಿನ ಕಂದಾಯದ ಲೆಕ್ಕದ ವರ್ಷ, ಅಂದ್ರ 1947-48ರ ಸುತ್ತ. ಅದನ್ನ ತಪ್ಪು ತಾರೀಖು ಅಂತ ಬಿಸಾಕಬ್ಯಾಡ್ರಿ, "ಇದು ಫಸಲಿ ವರ್ಷ ಏನ್ರಿ?" ಅಂತ ಕೇಳ್ರಿ.

ಕೆಟ್ಟಿದ್ದನ್ನ ಸರಿ ಮಾಡೋದು

ಕೋಡ್ ಸರಿ ಆದ್ರ ಕೆಲ್ಸ ಅರ್ಧ ಆಯ್ತು, ಹಳೇ ಸಾಲುಗಳು ಹಂಗೇ ಅವ. ಮೊದಲು ಟೇಬಲ್ ಪೂರಾ ಬ್ಯಾಕಪ್. ಆಮ್ಯಾಲ ತಿದ್ದಿದ್ದು ಗುರ್ತಿಡ್ಲಾಕ ಒಂದ್ ಹೊಸಾ ಕಾಲಮ್, ಯಾಕಂದ್ರ ದಿನ ತಿಂಗಳು ತಿರುಗ್ಸೋ ಕ್ವೆರಿ (ಡೇಟಾಬೇಸಿಗೆ ಕೊಡೋ ಆಜ್ಞಾ) ಎರಡನೇ ಸಲ ಓಡಿದ್ರ ಸರಿ ಆಗಿದ್ದು ಮತ್ತ ಉಲ್ಟಾ ಆಗ್ತದ. ಕೋಡ್ ತಿದ್ದಿದ ಟೈಮಿಗಿಂತ ಮೊದಲು ಬಂದ ಸಾಲು ಅಷ್ಟೇ ಮುಟ್ರಿ.

ಯಾವ್ದು ತಿರುಗಿಸ್ಬೇಕು ಅಂತ ಊರಿನ ತಿಳುವಳಿಕೆಯಿಂದ ಹೇಳಬಹುದು. ತೊಗರಿ ಬಿತ್ತೋದು ಮುಂಗಾರು ಹಿಡ್ದ ಮ್ಯಾಲ. ಈಗಿರೋ ತಿಂಗಳು ಮೇದೊಳಗ ಇದ್ದು, ತಿರುಗಿಸಿದ್ರ ಜೂನ್, ಜುಲೈ, ಆಗಸ್ಟ್ ಬರೋದಾದ್ರ, ಮತ್ತ ಆ ತಾರೀಖು ಫಾರ್ಮ್ ತುಂಬಿದ ದಿನಕ್ಕಿಂತ ಹಿಂದ ಇದ್ರ, ತಿರುಗಿಸ್ರಿ. ಜನ್ಮ ತಾರೀಖಿನಾಗ ಬ್ಯಾರೆ ಗುರ್ತು ಅದ, ನಮ್ ಕಡಿ ಹಿರೇರೊಳಗ ಸಾಲಿಗೆ ಹಾಕೋಮುಂದ ಮಾಸ್ತರು ಬರೆಸಿದ ಜೂನ್ 1 ಬಾಳ ಮಂದಿಗೆ ಇರ್ತದ, ಟೇಬಲ್‌ದಾಗ ಜನವರಿ 6 ರಾಶಿಗಟ್ಟಲೆ ಕಂಡ್ರ ಅದೇ ಜೂನ್ 1 ತಿರುಗ್ಯಾದ ಅಂತ ತಿಳ್ಕೋರಿ. ಜನವರಿ 1 ರಾಶಿ ಇದ್ರ ಅದ್ರಿಂದ ಏನೂ ತಿಳ್ಯಲ್ಲ, ಬರೇ ವರ್ಷ ಗೊತ್ತಿದ್ದವ್ರಿಗೆ ಅದೇ ಹಾಕಿರ್ತಾರ, ತಿರುಗಿದ್ರೂ ಅದೇ.

7/6 ಮತ್ತ 6/7 ಇಂಥವು ಎರಡೂ ಕಡಿ ಹೊಂದ್ತಾವ, ಅಲ್ಲಿ ನಿಯಮ ನಡ್ಯಲ್ಲ. 1970 ಆಗಿದ್ದು ಡೇಟಾಬೇಸಿಂದ ವಾಪಸ್ ಬರಲ್ಲ, ಸರ್ವರಿನ ಸಾದಾ ಲಾಗಿನಾಗ ಫಾರ್ಮಿನ ಒಳಗಿಂದು ಇರಲ್ಲ. ಅದಕ್ಕೇ ಈಗ ನಾ ಮಂದಿ ಬರ್ದಿದ್ದನ್ನ ಬರ್ದಂಗೇ ಇನ್ನೊಂದ್ ಟೆಕ್ಸ್ಟ್ ಕಾಲಮಿನಾಗ ಇಡ್ತೀನಿ, ಆಮ್ಯಾಲ ಓದಿ ತಾರೀಖು ಮಾಡ್ತೀನಿ. ಆ ಕಾಲಮ್ ಮೊದಲೇ ಇದ್ದಿದ್ರ ಇಷ್ಟು ಮಂದಿಗೆ ತ್ರಾಸ ಆಗ್ತಿರ್ಲಿಲ್ಲ.

ಉಳ್ದವ್ರಿಗೆ ಫೋನ್ ಹಚ್ಚಿ ಕೇಳೋದೇ. ತಿರುಗಿಸಿದ ಮ್ಯಾಲ ಸೋಮವಾರ ಬಂದಿದ್ದನ್ನೂ ನಾ ಆ ಫೋನಿನ ಪಟ್ಟಿಗೆ ಹಾಕ್ದೆ, ನಮ್ ಕಡಿ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಡಲ್ಲ, ಟ್ರ್ಯಾಕ್ಟರ್ ಇದ್ದವ್ರು ಬಿತ್ತಿರ್ತಾರ, ಆದ್ರ ಒಂದ್ ಮಾತು ಕೇಳೋದು ಚಲೋ. ಕೇಳೋಮುಂದ "ಐದು ಏಳು ಅದ ಏನ್ರಿ ಕಾಕಾ" ಅಂತ ಕೇಳಬ್ಯಾಡ್ರಿ, ಅವ್ರು ಹ್ಞೂಂ ಅಂತಾರ, ಯಾವ ಐದು ಯಾವ ಏಳು ಅಂತ ಮತ್ತ ನಿಮಗೂ ತಿಳ್ಯಲ್ಲ. ಯಾವ ಮಳಿಗೆ ಬಿತ್ತಿದ್ರಿ, ಯಾವ ವಾರ ಇತ್ತು ಅಂತ ಕೇಳ್ರಿ, ಹಂಗ ಕೇಳಿದಾಗ ಆಳಂದದ ಕಾಕಾ ಒಂದ್ ಗಳಿಗಿ ತಡೀಲಿಲ್ಲ, ಪುನರ್ವಸು ಹತ್ತೋ ಮುಂಚಿನ ದಿನ, ಶುಕ್ರವಾರ ಅಂದ್ರು, ಕ್ಯಾಲೆಂಡರ್ ತೆಗೆದು ನೋಡ್ದೆ, ಜುಲೈ 5 ಶುಕ್ರವಾರಾನೇ ಇತ್ತು, ಅವರ ಸಾಲು ಕೈಯಿಂದಲೇ ತಿದ್ದಿ ಸೇವ್ ಮಾಡ್ದೆ.